ಮನೆಗೆ ಬಾರದ ನೋಟು

ಪ್ರತಿ ನೋಟಿನ ಹಿಂದೆ ಅಷ್ಟೇ ಬೆಲೆಯ ಚಿನ್ನ ಎಲ್ಲೋ ತಿಜೋರಿಯಲ್ಲಿ ಕುಳಿತಿರುತ್ತದೆ ಎಂದು ನಂಬಿದವರು ನಮ್ಮಲ್ಲಿ ಇನ್ನೂ ಧಾರಾಳವಾಗಿ ಸಿಗುತ್ತಾರೆ, ಅದೂ ಓದಿದವರ ನಡುವೆ. 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂದು ನನಗೆ ಗಂಭೀರವಾಗಿ ವಿವರಿಸಿದವರೂ ಇವರೇ. 1957ರಿಂದ ರಿಸರ್ವ್ ಬ್ಯಾಂಕು ಕಾನೂನಿನಂತೆ ಇಟ್ಟುಕೊಳ್ಳಬೇಕಾದ ಕನಿಷ್ಠ ಮೀಸಲು 200 ಕೋಟಿ ರೂಪಾಯಿ, ಅದರಲ್ಲಿ ಚಿನ್ನ 115 ಕೋಟಿಯದ್ದು. ಚಲಾವಣೆಯ ನೋಟುಗಳದ್ದು ಲಕ್ಷ ಕೋಟಿಗಳ ಲೆಕ್ಕ, ಅವಕ್ಕೆ ಬಹುಮಟ್ಟಿಗೆ ಸಾಲಪತ್ರಗಳೇ (ಬಾಂಡ್) ಆಧಾರ. ಇದನ್ನು ಹೇಳಿದೊಡನೆ "ಹಾಗಾದರೆ ಎಲ್ಲವೂ ಮೋಸವೇ?" ಎನ್ನುತ್ತಾರೆ. ಅಲ್ಲ. ಕಾಗದದ ಹಣದಲ್ಲಿ ಮೋಸ ಹೇಗಿರುತ್ತದೆ ಎಂದು ನೋಡಬೇಕಾದರೆ ಅಮೆರಿಕದ ಒಂದು ಸಣ್ಣ ಊರಿಗೆ ಹೋಗಬೇಕು.

ರೋಡ್ ಐಲೆಂಡ್ ರಾಜ್ಯದ ಗ್ಲಾಸ್ಟರ್ ರೈತರ ಊರು. 1804ರಲ್ಲಿ ಅಲ್ಲಿ 'ಫಾರ್ಮರ್ಸ್ ಎಕ್ಸ್‌ಚೇಂಜ್ ಬ್ಯಾಂಕ್' ಆರಂಭವಾಯಿತು. ಆಗಿನ ಅಮೆರಿಕದಲ್ಲಿ ಸರ್ಕಾರ ನೋಟು ಹೊರಡಿಸುತ್ತಿರಲಿಲ್ಲ, ಊರೂರಿನ ಬ್ಯಾಂಕುಗಳೇ ಹೊರಡಿಸುತ್ತಿದ್ದವು. ತಂದವರಿಗೆ ಕೇಳಿದಾಗ ಇಷ್ಟು ಡಾಲರ್ ಕೊಡುತ್ತೇವೆ ಎಂಬ ಅಚ್ಚಾದ ಸಾಲು, ಕ್ಯಾಷಿಯರನೂ ಅಧ್ಯಕ್ಷನೂ ಒಂದೊಂದು ನೋಟಿಗೂ ಶಾಯಿಯಲ್ಲಿ ಹಾಕಿದ ಸಹಿ. ಕೊಡುವುದು ಬೆಳ್ಳಿ ಚಿನ್ನದ ನಾಣ್ಯ, ಆ ಬ್ಯಾಂಕಿನ ಕಟ್ಟೆಯ ಮುಂದೆ ಹೋಗಿ ನಿಂತರೆ. ಇಡೀ ಕಥೆ ಇರುವುದು ಈ 'ಹೋಗಿ ನಿಂತರೆ' ಎಂಬಲ್ಲಿ.

ಅದಕ್ಕೆ ಮೊದಲು ಕಾಫಿ ಕುಡಿಯೋಣ. ಒಂದು ದರ್ಶಿನಿಯಲ್ಲಿ ನಿಮಿಷಕ್ಕೆ 10 ಲೋಟ ಕಾಫಿ ಹೋಗುತ್ತದೆ, ಗಿರಾಕಿ 6 ನಿಮಿಷದಲ್ಲಿ ಕುಡಿದು ಲೋಟ ಇಟ್ಟು ಹೋಗುತ್ತಾನೆ ಅಂದುಕೊಳ್ಳಿ. ಯಾವ ಗಳಿಗೆಯಲ್ಲಿ ನೋಡಿದರೂ ಜನರ ಕೈಯಲ್ಲಿ 60 ಲೋಟಗಳಿರುತ್ತವೆ. ಅದೇ ಗಿರಾಕಿಗಳು ರಾಜಕೀಯ ಮಾತಾಡುತ್ತ ಅರ್ಧ ಗಂಟೆ ನಿಂತರೆ 300. ಒಳಹರಿವನ್ನು ತಂಗುವ ಕಾಲದಿಂದ ಗುಣಿಸಿದರೆ ತಂಗಿರುವವುಗಳ ಸಂಖ್ಯೆ. ಇದನ್ನು 1961ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ಲಿಟಲ್ ಗಣಿತದಲ್ಲಿ ಸಾಧಿಸಿ ತೋರಿಸಿದರು. ಸಾಧಿಸುವುದಕ್ಕೇನಿದೆ ಅನ್ನಿಸುತ್ತದೆ, ಆದರೆ ಜನ ಹೇಗೇ ಬರಲಿ, ಗುಂಪಾಗಿ ಬರಲಿ, ಒಬ್ಬೊಬ್ಬರಾಗಿ ಬರಲಿ, ಸರಾಸರಿಗಳು ಸ್ಥಿರವಾದ ಮೇಲೆ ಲೆಕ್ಕ ತಪ್ಪುವುದಿಲ್ಲ ಎನ್ನುವುದೇ ಇದರ ಸೊಗಸು. ಗ್ರಂಥಾಲಯದಿಂದ ಹೊರಗಿರುವ ಪುಸ್ತಕಗಳಿಗೂ ಆಸ್ಪತ್ರೆಯ ಹಾಸಿಗೆಗಳಿಗೂ ಕೆರೆಯ ನೀರಿಗೂ ಇದೇ ಸೂತ್ರ.

ಈಗ ಇದನ್ನೇ ತಿರುಗಿಸಿ ಹಿಡಿಯಿರಿ. ಬ್ಯಾಂಕಿನ 5 ಲಕ್ಷ ಡಾಲರ್ ನೋಟು ಹೊರಗಿದೆ ಎನ್ನೋಣ. ಒಂದು ನೋಟು ಸರಾಸರಿ 10 ದಿನದಲ್ಲಿ ಮನೆಗೆ, ಅಂದರೆ ಅದನ್ನು ಹೊರಡಿಸಿದ ಬ್ಯಾಂಕಿಗೆ, ಮರಳುವುದಾದರೆ ದಿನಕ್ಕೆ 50,000 ಡಾಲರ್ ನಾಣ್ಯ ಎಣಿಸಿಕೊಡಬೇಕು. 500 ದಿನ ಅಲೆದು ಬರುವುದಾದರೆ ದಿನಕ್ಕೆ ಸಾವಿರ ಸಾಕು. ನೋಟು ಎಷ್ಟು ದಿನ ಊರು ಸುತ್ತುತ್ತದೆ ಎಂಬುದರ ಮೇಲೆ ತಿಜೋರಿಯಲ್ಲಿ ಎಷ್ಟಿರಬೇಕು ಎಂಬುದು ನಿಂತಿದೆ. ಹೊರ ಊರಿನ ಚೆಕ್ ಪಾಸಾಗಲು ವಾರಗಟ್ಟಲೆ ಕಾದಿದ್ದ ನಮ್ಮ ಹಿರಿಯರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಬಾಸ್ಟನ್ನಿನ ಆಂಡ್ರೂ ಡೆಕ್ಸ್‌ಟರ್‌ಗೆ ಸೂತ್ರ ಗೊತ್ತಿರಲಿಲ್ಲ, ಮರ್ಮ ಗೊತ್ತಿತ್ತು. ಏಳು ಅಂತಸ್ತಿನ 'ಎಕ್ಸ್‌ಚೇಂಜ್ ಕಾಫಿ ಹೌಸ್' ಕಟ್ಟಲು ಅವನಿಗೆ ಹಣ ಬೇಕಿತ್ತು. ಹಳ್ಳಿ ಬ್ಯಾಂಕುಗಳ ನೋಟು ತೆಗೆದುಕೊಂಡು ವ್ಯವಹರಿಸುವ ಬಾಸ್ಟನ್ನಿನ ವಿನಿಮಯ ಕಚೇರಿ ಮೊದಲು ಅವನ ಕೈಗೆ ಬಂತು, ಅಂದರೆ ನೋಟು ಮನೆಗೆ ಮರಳುವ ದಾರಿಯೇ ಬಂತು. ಆಮೇಲೆ ಗ್ಲಾಸ್ಟರಿನ ಬ್ಯಾಂಕನ್ನೇ ಹಿಡಿತಕ್ಕೆ ತೆಗೆದುಕೊಂಡ. ಗ್ಲಾಸ್ಟರಿಗೂ ಬಾಸ್ಟನ್ನಿಗೂ ನಡುವೆ ಸುಮಾರು 80 ಕಿ.ಮೀ. ಆ ಕಾಲದ ಕುದುರೆ ಗಾಡಿಯಲ್ಲಿ ಅದೊಂದು ದೊಡ್ಡ ಪಯಣ, ಹತ್ತು ಡಾಲರಿಗಾಗಿ ಯಾರು ಹೊರಟಾರು?

ಕ್ಯಾಷಿಯರನಿಗೆ ಡೆಕ್ಸ್‌ಟರ್ ಬರೆದ ಪತ್ರಗಳು ಮುಂದೆ ವಿಚಾರಣೆಯಲ್ಲಿ ಹೊರಬಂದವು. ಬ್ಯಾಂಕಿನ ಸಮಯ ಬಿಟ್ಟು ಉಳಿದ ಹೊತ್ತೆಲ್ಲ ನೋಟಿಗೆ ಸಹಿ ಹಾಕುತ್ತಿರು, ರಾತ್ರಿಯೂ ಹಾಕು, ಒಳಕೋಣೆಯಲ್ಲಿ ಕುಳಿತು ಹಾಕು, ಜನರಿಗೆ ಅನುಮಾನ ಬರಬಾರದು ಎಂಬುದು ಅವುಗಳ ಸಾರ. ದೀಪದ ಮುಂದೆ ಬಗ್ಗಿ ಕುಳಿತ ಆ ಮನುಷ್ಯನ ಬೆರಳುಗಳ ಬಗ್ಗೆಯೇ ನನಗೆ ಕುತೂಹಲ. ಅಮೆರಿಕದ ಒಂದು ಬ್ಯಾಂಕಿಗೆ ಇದ್ದ ಏಕೈಕ ಮಿತಿ ಅವನ ಮಣಿಕಟ್ಟಿನ ನೋವು! ನೋಟು ಹಿಡಿದು ಬಂದವರಿಗೆ ನಾಣ್ಯ ಕೊಡುವುದನ್ನು ಎಳೆದಷ್ಟೂ ಎಳೆಯುತ್ತಿದ್ದರು.

ಇಲ್ಲೊಂದು ತಮಾಷೆ. ಆಗ ಎಲ್ಲರ ತಲೆ ತಿನ್ನುತ್ತಿದ್ದದ್ದು ಖೋಟಾ ನೋಟು. ಜೇಕಬ್ ಪರ್ಕಿನ್ಸ್ ಎಂಬ ಚತುರ ಕುಶಲಕರ್ಮಿ ತಾಮ್ರದ ಬದಲು ಉಕ್ಕಿನ ಪಡಿಯಚ್ಚಿನಲ್ಲಿ ಸೂಕ್ಷ್ಮ ಅಕ್ಷರಗಳನ್ನು ಕೆತ್ತುವ ವಿಧಾನ ಕಂಡುಹಿಡಿದಿದ್ದ. 1809ರಲ್ಲಿ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಬ್ಯಾಂಕುಗಳು ಅವನ ಅಚ್ಚನ್ನೇ ಬಳಸಬೇಕೆಂದು ಕಾನೂನು ಮಾಡಿತು. (ಇದೇ ಪರ್ಕಿನ್ಸ್ 1834ರಲ್ಲಿ ಆವಿಯನ್ನು ಒತ್ತಿ ತಂಪು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ, ನಿಮ್ಮ ಅಡುಗೆಮನೆಯ ಫ್ರಿಜ್ ಆ ವಂಶದ್ದೇ.) ಉಕ್ಕಿನ ಅಚ್ಚು ಕಳ್ಳರನ್ನು ತಡೆಯಬಹುದು. ಆದರೆ ಡೆಕ್ಸ್‌ಟರನ ನೋಟುಗಳು ಖೋಟಾ ಆಗಿರಲಿಲ್ಲ. ಅಚ್ಚು ಅಸಲಿ, ಸಹಿ ಅಸಲಿ, ಮಾತು ಮಾತ್ರ ನಕಲಿ.

ಅಮೆರಿಕದ ಅಧ್ಯಕ್ಷ ಜೆಫರ್ಸನ್ನರ ಸರ್ಕಾರ 1807ರ ಕೊನೆಗೆ ಹೇರಿದ ಹಡಗು ನಿರ್ಬಂಧದಿಂದ ವ್ಯಾಪಾರ ಮೊದಲೇ ಬಿಗಿದಿತ್ತು. ಅನುಮಾನ ಹಬ್ಬಿದ ಮೇಲೆ ಅಲೆದಾಟದ ದಿನಗಳು ಕುಸಿದವು, ಎಲ್ಲ ನೋಟುಗಳಿಗೂ ಒಮ್ಮೆಗೇ ಮನೆಯ ನೆನಪಾಯಿತು. 1809ರಲ್ಲಿ ಶಾಸನಸಭೆಯವರು ತಿಜೋರಿ ನೋಡಿದಾಗ ಹೊರಗಿದ್ದ 5 ಲಕ್ಷಕ್ಕೂ ಹೆಚ್ಚಿನ ನೋಟಿಗೆ ಒಳಗಿದ್ದ ನಾಣ್ಯ 86 ಡಾಲರ್ ಮತ್ತು ಕೆಲವು ಸೆಂಟು. ಅಮೆರಿಕದಲ್ಲಿ ದಿವಾಳಿಯಾದ ಮೊದಲ ಬ್ಯಾಂಕು ಇದೇ ಎನ್ನುತ್ತಾರೆ.

ಡೆಕ್ಸ್‌ಟರ್ ಕೆನಡಾ ಕಡೆಗೆ ಪರಾರಿಯಾದ. ಕಾಫಿ ಹೌಸ್ 1818ರಲ್ಲಿ ಸುಟ್ಟು ಬೂದಿಯಾಯಿತು. ಅಷ್ಟರಲ್ಲಿ ಆಸಾಮಿ ಅಲಬಾಮಾಕ್ಕೆ ಹೋಗಿ ಹೊಸ ಊರನ್ನೇ ಕಟ್ಟುತ್ತಿದ್ದ, ಇಂದಿನ ಮಾಂಟ್‌ಗೊಮರಿ. ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಚರ್ಚು ಇರುವ ಬೀದಿಗೆ ಈ ಮಹಾಶಯನದ್ದೇ ಹೆಸರು.

ಇದಕ್ಕೆ ಮದ್ದು ಸಿಕ್ಕಿದ್ದು 1820ರ ದಶಕದಲ್ಲಿ. ಬಾಸ್ಟನ್ನಿನ ಸಫೊಕ್ ಬ್ಯಾಂಕು ಹಳ್ಳಿ ಬ್ಯಾಂಕುಗಳ ನೋಟುಗಳನ್ನು ಗುಡ್ಡೆ ಹಾಕಿ ತಡಮಾಡದೆ ಆಯಾ ಮನೆಗೆ ಕಳಿಸತೊಡಗಿತು. ಅದರಿಂದ ಪಾರಾಗಬೇಕಾದರೆ ಹಳ್ಳಿ ಬ್ಯಾಂಕು ಸಫೊಕ್‌ನಲ್ಲಿ ಠೇವಣಿ ಇಡಬೇಕು. ಬೈದುಕೊಂಡೇ ಇಟ್ಟರು, ನೋಟುಗಳ ಲೆಕ್ಕ ಆ ಠೇವಣಿಯಲ್ಲೇ ಆಗಿಂದಾಗ್ಗೆ ತೀರತೊಡಗಿತು. ತಂಗುವ ಕಾಲ ಇಳಿಯಿತು, ಮನಬಂದಂತೆ ಸಹಿ ಹಾಕುವುದು ತಾನಾಗಿ ನಿಂತಿತು. 1858ರವರೆಗೆ ಈ ಏರ್ಪಾಡು ನಡೆಯಿತು.

ಗ್ಲಾಸ್ಟರಿನ ನೋಟುಗಳಲ್ಲಿ ಹಲವು ಇಂದಿಗೂ ಸಂಗ್ರಹಕಾರರ ಆಲ್ಬಮ್‌ಗಳಲ್ಲಿವೆ. ಮಾಸಿದ ಕಂದು ಶಾಯಿಯ ಸಹಿ ಅವುಗಳ ಮೇಲೆ ಹಾಗೇ ಉಳಿದಿದೆ. ನಾಣ್ಯ ಕೇಳಲು ಹೋಗುವ ಕಟ್ಟೆ ಇಲ್ಲದೆ 200 ವರ್ಷ ದಾಟಿದರೂ ಅವುಗಳನ್ನು ಕೊಳ್ಳುವವರಿದ್ದಾರೆ, ಮುಖಬೆಲೆಗಿಂತ ಹೆಚ್ಚು ಕೊಟ್ಟು.