ಬ್ರಾಂದಿಗೆಂದು ಹುಟ್ಟಿ ಹಿಮಕ್ಕೆ ಒದಗಿದ ವಿಡಾಲ್ ದ್ರಾಕ್ಷಿ

ಕೆನಡಾದ ಒಂಟಾರಿಯೊದಲ್ಲಿ ಐಸ್‌ವೈನ್‌ಗೆ, ಅಂದರೆ ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣಿನಿಂದ ಮಾಡುವ ಸಿಹಿ ವೈನಿಗೆ, ಹೆಚ್ಚಾಗಿ ಬಳಕೆಯಾಗುವ ಬಿಳಿ ದ್ರಾಕ್ಷಿ ವಿಡಾಲ್. 1930ರ ದಶಕದಲ್ಲಿ ಫ್ರಾನ್ಸಿನ ಜಾನ್ ಲೂಯಿ ವಿಡಾಲ್ ಈ ಮಿಶ್ರತಳಿಯನ್ನು ರೂಪಿಸಿದ್ದು ಮಾತ್ರ ಸಿಹಿ ವೈನಿಗಾಗಿ ಅಲ್ಲ. ಫ್ರಾನ್ಸಿನ ಕೊನ್ಯಾಕ್ ಪ್ರದೇಶದ ಬ್ರಾಂದಿಯನ್ನು ಭಟ್ಟಿ ಇಳಿಸಲು ಹುಳಿ ಹೆಚ್ಚಿರುವ ರಸ ಬೇಕು. ಅದಕ್ಕಾಗಿ ಅಲ್ಲಿನ ಉನಿ ಬ್ಲಾಂ ತಳಿಯನ್ನು ರೆಯೋಂ ದೋರ್ ಎಂಬ ಮಿಶ್ರತಳಿಯೊಂದಿಗೆ ಕೂಡಿಸಲಾಯಿತು.

ಇಂಥ ಪ್ರಯೋಗಗಳ ಹಿಂದೆ ಇದ್ದದ್ದು 1860ರ ದಶಕದಲ್ಲಿ ಫ್ರಾನ್ಸಿನ ತೋಟಗಳನ್ನು ಒಣಗಿಸಿದ, ಬೇರಿನ ರಸ ಹೀರುವ ಫಿಲಾಕ್ಸೆರಾ ಕೀಟ. ಅದನ್ನು ತಾಳಿಕೊಳ್ಳುವ ಅಮೆರಿಕದ ಬಳ್ಳಿಗಳೊಡನೆ ಯುರೋಪಿನ ತಳಿಗಳನ್ನು ಸಂಕರಗೊಳಿಸುವ ಕೆಲಸ ದಶಕಗಳ ಕಾಲ ನಡೆಯಿತು. ಆದರೆ ಅಮೆರಿಕದ ಬೇರುಸಸಿಯ ಮೇಲೆ ಹಳೆಯ ತಳಿಯನ್ನೇ ಕಸಿ ಮಾಡುವ ದಾರಿ ಗೆದ್ದಿತು. 1930ರ ದಶಕದಲ್ಲಿ ಫ್ರಾನ್ಸ್ ಅಮೆರಿಕದ ಮೂಲದ ಆರು ತಳಿಗಳನ್ನು ನಿಷೇಧಿಸಿತು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ಕುಲದ ಇಸಬೆಲ್ಲಾ ಕೂಡ ಅವುಗಳಲ್ಲಿ ಒಂದು.

ವಿಡಾಲ್‌ಗೆ ನೆಲೆ ಸಿಕ್ಕಿದ್ದು ಒಂಟಾರಿಯೊದ ನಯಾಗರದಲ್ಲಿ. ಅಲ್ಲಿನ ಇನಿಸ್ಕಿಲಿನ್ ವೈನರಿಯ ಕಾರ್ಲ್ ಕೈಸರ್ 1983ರಲ್ಲಿ ಬಳ್ಳಿಯಲ್ಲೇ ಬಿಟ್ಟಿದ್ದ ಹಣ್ಣನ್ನು ಹಕ್ಕಿಗಳು ಮುಗಿಸಿದವು. ಮರುವರ್ಷ ಬಲೆ ಹೊದಿಸಿದ ಮೇಲೆ ಐಸ್‌ವೈನ್ ಸಿದ್ಧವಾಯಿತು. ಸಿಪ್ಪೆ ದಪ್ಪ, ಮಾಗುವುದು ತಡ, ಮಾಗಿದರೂ ಹಣ್ಣು ಸುಲಭವಾಗಿ ಉದುರದು: ಚಳಿಗಾಲದವರೆಗೆ ಕಾಯಬೇಕಾದ ಬೆಳೆಗಾರನಿಗೆ ಇದಕ್ಕಿಂತ ಒಳ್ಳೆಯ ಗುಣಗಳು ಬೇಕಿಲ್ಲ. ಉಷ್ಣಾಂಶ ಮೈನಸ್ 8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆಯೇ, ಹೆಚ್ಚಾಗಿ ರಾತ್ರಿ ಹೊತ್ತು, ಗೋಲಿಯಂತೆ ಗಟ್ಟಿಯಾದ ಹಣ್ಣನ್ನು ಕೊಯ್ದು ಹಾಗೆಯೇ ಹಿಂಡುತ್ತಾರೆ. ನೀರಿನಂಶ ಮಂಜುಗಡ್ಡೆಯಾಗಿ ಯಂತ್ರದಲ್ಲೇ ಉಳಿಯುವುದರಿಂದ ಇಳಿಯುವ ರಸ ಮಾಮೂಲಿನ ಸುಮಾರು ಐದನೇ ಒಂದು ಭಾಗ ಮಾತ್ರ, ಅದೂ ಪಾಕದಂತೆ ಸಿಹಿ. ಇಷ್ಟು ಸಕ್ಕರೆಯ ನಡುವೆಯೂ ವೈನ್ ಮುಖಕ್ಕೆ ಹೊಡೆಯದಂತೆ ತಡೆಯುವುದು ಬ್ರಾಂದಿಗೆಂದು ಬಯಸಿದ್ದ ಅದೇ ಹುಳಿ.

1989ರಲ್ಲಿ ಅಮೆರಿಕದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದಾಗ, ಅಗ್ಗದ ಆಮದಿನೆದುರು ನಿಲ್ಲಲಾರದ ಹಳೆಯ ಬಳ್ಳಿಗಳನ್ನು ಒಂಟಾರಿಯೊದಲ್ಲಿ ಪರಿಹಾರ ಕೊಟ್ಟು ಕೀಳಿಸಲಾಯಿತು. ವಿಡಾಲ್ ಉಳಿಯಿತು, ಹೊಸ ಗುಣಮಟ್ಟದ ನಿಯಮಗಳು ಒಪ್ಪಿದ ಕೆಲವೇ ಮಿಶ್ರತಳಿಗಳಲ್ಲಿ ಅದೂ ಸೇರಿತು. 1991ರಲ್ಲಿ ಬೋರ್ಡೊ ನಗರದ ವಿನೆಕ್ಸ್‌ಪೋ ಮೇಳದಲ್ಲಿ ಇನಿಸ್ಕಿಲಿನ್‌ನ 1989ರ ವಿಡಾಲ್ ಐಸ್‌ವೈನ್ ಅತ್ಯುನ್ನತ ಗೌರವ ಪಡೆಯಿತು. ಹೀಗೆ ಫ್ರಾನ್ಸಿನಲ್ಲೇ ಮನ್ನಣೆ ಸಿಕ್ಕರೂ ಕೆನಡಾದ ಐಸ್‌ವೈನ್‌ಗೆ ಯುರೋಪಿನ ಮಾರುಕಟ್ಟೆ ತೆರೆದದ್ದು 2001ರಲ್ಲಿ.

ರೀಸ್ಲಿಂಗ್ ಎಂಬ ಜರ್ಮನ್ ಬಿಳಿ ದ್ರಾಕ್ಷಿಯ ಐಸ್‌ವೈನ್‌ನಷ್ಟು ಕಾಲ ವಿಡಾಲ್‌ನದು ಬಾಳುವುದಿಲ್ಲವೆಂಬ ಆಕ್ಷೇಪ ಸುಳ್ಳಲ್ಲ. ಆದರೂ ಚೀನಾದ ಲ್ಯಾವೊನಿಂಗ್ ಪ್ರಾಂತ್ಯದ ಹುವಾನ್‌ರೆನ್‌ನಲ್ಲಿ ಐಸ್‌ವೈನ್ ಉದ್ಯಮ ಕಟ್ಟಲು ಹೊರಟವರು ನೆಟ್ಟದ್ದು ಮುಖ್ಯವಾಗಿ ವಿಡಾಲ್ ಬಳ್ಳಿಯನ್ನೇ.