ಡಬ್ಬಾ ಮಾನಿಟರ್ ಬಿಡೋಕೆ ಡಿಸೈನರ್‌ಗಳು ಯಾಕಷ್ಟು ಹಟ ಮಾಡಿದರು?

2005ರ ಸುಮಾರಿಗೆ ನಾನು ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಕಾರ್ಡು, ಗೃಹಪ್ರವೇಶ, ಅಂಗಡಿ ಬೋರ್ಡು, ಚುನಾವಣೆ ಬಂದರೆ ಕರಪತ್ರ. ಆ ವರ್ಷ ನಮ್ಮ ಓನರ್ 17 ಇಂಚಿನ ಹೊಸ ಫ್ಲಾಟ್ ಮಾನಿಟರ್ ತಂದಿಟ್ಟರು. ಮೊದಲ ವಾರವೇ ಜಗಳ. ನಾನು ಕುರ್ಚಿಯಲ್ಲಿ ಕೂತು ಒಂದು ಕಾರ್ಡಿನ ಹಿನ್ನೆಲೆಗೆ ಒಳ್ಳೆ ಅರಿಶಿನದ ಬಣ್ಣ ಹಾಕಿದ್ದೆ. ಹಿಂದೆ ನಿಂತು ನೋಡುತ್ತಿದ್ದ ಮದುಮಗಳ ಅಪ್ಪ, "ಏನ್ರೀ ಇದು, ಬೆಣ್ಣೆ ಬಣ್ಣ ಇದ್ದಂಗೈತಿ, ಅರಿಶಿನ ಅಂದಿದ್ನಲ್ರೀ ನಾನು" ಅಂದರು. ಸ್ವಲ್ಪ ಗಾಢ ಮಾಡಿದೆ. "ಇನ್ನೂ ಸ್ವಲ್ಪ." ಅವರಿಗೆ ಅರಿಶಿನ ಕಾಣೋ ಹೊತ್ತಿಗೆ ನನಗೆ ಕಿತ್ತಳೆ ಹಣ್ಣು ಕಾಣ್ತಿತ್ತು. ಕೊನೆಗೆ ಎದ್ದು ಅವರನ್ನೇ ಕುರ್ಚಿಯಲ್ಲಿ ಕೂರಿಸಿದೆ. "ಅರೆ, ಈಗ ಬ್ಯಾರೇನೇ ಐತಲ್ಲ!"

ಪಕ್ಕದ ಟೇಬಲ್ಲಿನ ಹಳೇ ಡಬ್ಬಾ ಮಾನಿಟರ್‌ನಲ್ಲಿ ಅದೇ ಫೈಲ್ ತೆಗೆದು ತೋರಿಸಿದೆ. ಕೂತರೂ, ನಿಂತರೂ, ಬಾಗಿಲ ಹತ್ತಿರ ಹೋಗಿ ಓರೆಯಾಗಿ ನೋಡಿದರೂ ಅದೇ ಹಳದಿ. ಆವತ್ತಿಂದ ಬಣ್ಣದ ಕೆಲಸ ಎಲ್ಲಾ ಡಬ್ಬಾದ ಮೇಲೆ, ಟೈಪಿಂಗ್ ಎಲ್ಲಾ ಫ್ಲಾಟ್ ಮೇಲೆ ಅಂತ ಆಯಿತು.

ಆ ಹೊತ್ತಿಗೆ ಇದೇ ವಾದ ಪ್ರಪಂಚದ ಎಲ್ಲಾ ಕಡೆ ಐದಾರು ವರ್ಷದಿಂದ ನಡೆದಿತ್ತು. ಸಿಆರ್‌ಟಿ, ಅಂದರೆ ಗಾಜಿನ ಟ್ಯೂಬಿನ ಈ ಡಬ್ಬಾ ಮಾನಿಟರ್, ಬಿಡಬೇಕಾ, ಇಟ್ಕೋಬೇಕಾ? ಹಿಂದಿರುಗಿ ನೋಡಿದರೆ ಹಟ ಮಾಡಿದವರು ಆ ಕಾಲಕ್ಕೆ ಸರಿಯಾಗೇ ಇದ್ದರು ಅನ್ನಿಸುತ್ತೆ. ಆದರೆ ಅವರು ಕೊಡುತ್ತಿದ್ದ ಕಾರಣಗಳಲ್ಲಿ ಅರ್ಧ ತಪ್ಪು.

ಮೊದಲು ಡಬ್ಬಾದ ಒಳಗೆ ನೋಡೋಣ. ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಮಾಡಿದ ಟ್ಯೂಬೇ ಇದರ ಮೂಲಪುರುಷ. ಹಿಂದಿನ ಕುತ್ತಿಗೆಯಿಂದ ಎಲೆಕ್ಟ್ರಾನ್ ಹೊಡೆಯುತ್ತೆ, ಮುಂದಿನ ಗಾಜಿಗೆ ಒಳಗಿಂದ ಬಳಿದ ಫಾಸ್ಫರ್ ಪುಡಿ ಹೊಳೆಯುತ್ತೆ. ಬಣ್ಣ ಬೇಕಂದರೆ ಮೂರು ಗನ್, ಮೂರು ಥರದ ಫಾಸ್ಫರ್. ಕೆಂಪಿನ ಗನ್ ಹೊಡೆದಿದ್ದು ಕೆಂಪಿನ ಮೇಲೇ ಬೀಳಲಿ ಅಂತ ಮಧ್ಯೆ ಜರಡಿಯಂಥ ಒಂದು ಲೋಹದ ತಗಡು. ಈ ಜರಡಿಯಲ್ಲೇ ಎಲೆಕ್ಟ್ರಾನ್‌ಗಳ ಹೆಚ್ಚಿನ ಪಾಲು ವ್ಯರ್ಥ ಆಗುತ್ತಿತ್ತು. 1968ರಲ್ಲಿ ಸೋನಿ ಟ್ರಿನಿಟ್ರಾನ್ ತಂದಾಗ ತೂತಿನ ಜರಡಿ ಬಿಟ್ಟು, ಉದ್ದುದ್ದ ಸೀಳುಗಳ ತಂತಿ ಜಾಲ ಹಾಕಿತು. ಬೆಳಕು ಜಾಸ್ತಿ ಬಂತು, ಬಣ್ಣ ಎದ್ದು ಕಂಡಿತು. ಆದರೆ ಆ ತಂತಿಗಳು ಅದುರಬಾರದಲ್ಲ, ಅದಕ್ಕೆ ಅಡ್ಡಲಾಗಿ ಕೂದಲಿಗಿಂತ ತೆಳುವಾದ ತಂತಿ ಬಿಗಿದಿದ್ದರು. 17 ಇಂಚು ಮತ್ತು ಅದಕ್ಕಿಂತ ದೊಡ್ಡದರಲ್ಲಿ ಇಂಥವು ಎರಡು. ಬಿಳಿ ಪುಟ ತೆರೆದರೆ ಎರಡು ಮಸುಕು ಗೆರೆ ಕಾಣುತ್ತಿದ್ದವು. ಹೊಸದಾಗಿ ತಗೊಂಡವರು "ಪೀಸ್ ಡಿಫೆಕ್ಟ್ ಐತಿ" ಅಂತ ವಾಪಸ್ ತಗೊಂಡು ಹೋಗೋರು. ಗೊತ್ತಿದ್ದವರು ಅದೇ ಗೆರೆ ಹುಡುಕಿ ನೋಡಿ, "ಹಾಂ, ಇದು ಅಸಲಿ" ಅನ್ನೋರು. ಪೇಟೆಂಟ್ ಅವಧಿ ಮುಗಿದ ಮೇಲೆ ಮಿತ್ಸುಬಿಶಿ ಅದೇ ದಾರಿಯಲ್ಲಿ ಡೈಮಂಡ್‌ಟ್ರಾನ್ ಮಾಡಿತು. 1990ರ ದಶಕದ ಕೊನೆಗೆ ಫೋಟೋ, ಪ್ರಿಂಟಿಂಗ್ ಮಂದಿಯ ಮೇಜಿನ ಮೇಲೆ ಹೆಚ್ಚಾಗಿ ಇದ್ದಿದ್ದು ಈ ಎರಡರಲ್ಲಿ ಒಂದು.

ಸೋನಿಯ ಜಿಡಿಎಂ-ಎಫ್‌ಡಬ್ಲ್ಯು900 ಅಂತ ಒಂದು ಮಾಡೆಲ್ ಇತ್ತು. 24 ಇಂಚು, ಅಗಲ ಪರದೆ, 80 ಹರ್ಟ್ಸ್‌ನಲ್ಲಿ (ಅಂದರೆ ಸೆಕೆಂಡಿಗೆ 80 ಸಲ ಚಿತ್ರ ಬರೆದು) 2304×1440 ಚುಕ್ಕಿ. ತೂಕ ಸುಮಾರು 42 ಕೆಜಿ! ಅದನ್ನು ಎತ್ತಿಡೋಕೆ ಇಬ್ಬರು ಬೇಕು, ತಡೆದುಕೊಳ್ಳೋಕೆ ಗಟ್ಟಿ ಟೇಬಲ್ಲೂ ಬೇಕು. ಹಳೇ ಗೇಮ್ ಆಡೋರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗಿ ದುಡ್ಡು ಸುರಿತಾರೆ.

ಹಾಗಂತ ಡಬ್ಬಾ ದೇವರಲ್ಲ. 60 ಹರ್ಟ್ಸ್‌ನಲ್ಲಿ ಇಟ್ಟರೆ ಪರದೆ ಮಿಣಿಮಿಣಿ ಅಂದು ಸಂಜೆಗೆ ತಲೆನೋವು, ಅದಕ್ಕೇ 85ಕ್ಕೆ ಏರಿಸಿಕೊಳ್ಳಿ ಅನ್ನೋದು. ಪಕ್ಕದಲ್ಲಿ ಸ್ಪೀಕರ್ ಇಟ್ಟರೆ ಅದರ ಅಯಸ್ಕಾಂತಕ್ಕೆ ಮೂಲೆಯಲ್ಲಿ ನೇರಳೆ ಕಲೆ. ಆಗ ಆ ಅಯಸ್ಕಾಂತದ ಪ್ರಭಾವ ಕಳೆಯೋ ಡಿಗಾಸ್ ಬಟನ್ ಒತ್ತಬೇಕು. "ಡೊಂಯ್" ಅಂತ ಸದ್ದು, ಚಿತ್ರವೆಲ್ಲ ಒಂದು ಸಲ ಜೆಲ್ಲಿ ಥರ ಕುಲುಕಿ ನಿಲ್ಲುತ್ತಿತ್ತು. ಕೆಲಸ ಇಲ್ಲದಾಗ ನಾವು ಸುಮ್ನೆ ಮಜಕ್ಕೆ ಅದನ್ನು ಒತ್ತುತ್ತಾ ಕೂರುತ್ತಿದ್ದೆವು. ಬೆಳಿಗ್ಗೆ ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗೋವರೆಗೆ ಬಣ್ಣ ನಂಬೋ ಹಾಗಿರಲಿಲ್ಲ. ಇದೆಲ್ಲಕ್ಕಿಂತ ದೊಡ್ಡ ವಿಷಯ ಅಂದರೆ ಫಾಸ್ಫರ್ ಸವೆಯುತ್ತೆ. ನಾಲ್ಕೈದು ವರ್ಷ ದಿನಕ್ಕೆ ಹತ್ತು ಗಂಟೆ ಓಡಿಸಿದ ಟ್ಯೂಬು ಮಂಕಾಗಿರುತ್ತೆ. ದಿನಾ ನೋಡೋ ನಮಗೆ ಅದು ಗೊತ್ತಾಗೋದೇ ಇಲ್ಲ. "ಸಿಆರ್‌ಟಿಯಷ್ಟು ನಿಖರ ಯಾವುದೂ ಇಲ್ಲ" ಅಂತ ಎದೆ ತಟ್ಟಿ ಹೇಳುತ್ತಿದ್ದ ಎಷ್ಟೋ ಜನರ ಮಾನಿಟರ್ ಆಗಲೇ ಮುದುಕ ಆಗಿತ್ತು.

ಹಾಗಾದರೆ ಅವರು ಸರಿ ಅಂದಿದ್ದು ಯಾವ ಲೆಕ್ಕದಲ್ಲಿ? "ಸರಿಯಾದ ಬಣ್ಣ" ಅನ್ನೋ ಅಳತೆಗೋಲನ್ನೇ ಟ್ಯೂಬಿನ ಮೈಗೆ ಹೊಲಿದಿದ್ದರು ಅನ್ನೋ ಲೆಕ್ಕದಲ್ಲಿ. ಟ್ಯೂಬಿಗೆ ಅರ್ಧ ಸಿಗ್ನಲ್ ಕೊಟ್ಟರೆ ಅರ್ಧ ಬೆಳಕು ಬರಲ್ಲ, ಸುಮಾರು ಐದನೇ ಒಂದು ಪಾಲು ಬರುತ್ತೆ. ಇದನ್ನೇ ಗಾಮಾ ಅನ್ನೋದು. ಅದು ಆ ಗನ್ನಿನ ಹುಟ್ಟುಗುಣ, ಯಾರೂ ಕೂತು ಯೋಚಿಸಿ ಇಟ್ಟಿದ್ದಲ್ಲ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಅಂತ ಬಣ್ಣಕ್ಕೆ ಒಂದು ಮಾನದಂಡ ತಂದವಲ್ಲ, ಅದರಲ್ಲಿ ಗಾಮಾ ಸುಮಾರು 2.2, ಮೂಲ ಬಣ್ಣಗಳು ಟಿವಿ ಫಾಸ್ಫರ್‌ಗಳಿಗೆ ಹತ್ತಿರ, ಬಿಳಿಯ ಹೊಳಪು ಚದರ ಮೀಟರಿಗೆ 80 ಕ್ಯಾಂಡೆಲಾ. ಒಟ್ಟಿನಲ್ಲಿ ಒಂದು ಮಾಮೂಲಿ ಸಿಆರ್‌ಟಿಯನ್ನು ಮಬ್ಬು ಬೆಳಕಿನ ಕೋಣೆಯಲ್ಲಿಟ್ಟು ಅದರ ಜಾತಕ ಬರೆದ ಹಾಗೆ. ಫೋಟೋ, ಪ್ರಿಂಟ್, ಅಂತರ್ಜಾಲ ಎಲ್ಲವೂ ಆ ಜಾತಕ ಹಿಡಿದೇ ನಡೆದವು. ಎಲ್‌ಸಿಡಿಯ, ಅಂದರೆ ಫ್ಲಾಟ್ ಮಾನಿಟರಿನ, ಸಹಜ ಗುಣ ಬೇರೆ, ಅದರ ಗ್ರಾಫ್ ಇಂಗ್ಲಿಷಿನ ಎಸ್ ಅಕ್ಷರದ ಥರ ಬಳುಕುತ್ತೆ. ಅದು ಒಳಗೊಳಗೇ ಲೆಕ್ಕ ಹಾಕಿ ಟ್ಯೂಬಿನ ನಟನೆ ಮಾಡಬೇಕಿತ್ತು. ಶುರುವಿನಲ್ಲಿ ಆ ನಟನೆ ಕೆಟ್ಟದಾಗಿತ್ತು, ಅಷ್ಟೇ.

ಫ್ಲಾಟ್ ಕಡೆ ಒಳ್ಳೆ ಪ್ರಯತ್ನಗಳು ಬೇಗ ಶುರುವಾಗಿದ್ದವು. 1998ರಲ್ಲಿ ಸಿಲಿಕಾನ್ ಗ್ರಾಫಿಕ್ಸ್‌ನವರ 1600ಎಸ್‌ಡಬ್ಲ್ಯು ಬಂತು, 17.3 ಇಂಚಿನ ಅಗಲ ಪರದೆ, ಗ್ರಾಫಿಕ್ಸ್ ಕೆಲಸಕ್ಕೆ ಅಂತಲೇ ಮಾಡಿದ್ದು. 1999ರಲ್ಲಿ ಆ್ಯಪಲ್ 22 ಇಂಚಿನ ಸಿನಿಮಾ ಡಿಸ್‌ಪ್ಲೇ ತಂದಿತು, ಬೆಲೆ 3,999 ಡಾಲರ್. 2001ರಲ್ಲಿ ಅದೇ ಕಂಪನಿ ಬಿಡಿಯಾಗಿ ಮಾರುವ ಮಾನಿಟರ್‌ಗಳಲ್ಲಿ ಸಿಆರ್‌ಟಿಯನ್ನು ಪೂರ್ತಿ ಕೈಬಿಟ್ಟಿತು. ಡಿಸೈನರ್‌ಗಳ ಅಚ್ಚುಮೆಚ್ಚಿನ ಕಂಪನಿಯೇ ಹೀಗೆ ಮಾಡಿದ್ದಕ್ಕೆ ಎಷ್ಟೋ ಜನ ಮುನಿಸಿಕೊಂಡರು.

ಆದರೆ ನಮ್ಮಂಥ ಅಂಗಡಿಗೆ ಬಂದಿದ್ದು ಅವಲ್ಲ. ನಮಗೆ ಬಂದಿದ್ದು ಟಿಎನ್ ಪ್ಯಾನೆಲ್, ಅಗ್ಗದ್ದು. ಅದರಲ್ಲಿ ದ್ರವಸ್ಫಟಿಕದ (ಎಲ್‌ಸಿಡಿಯ ಎಲ್‌ಸಿ ಅಂದರೆ ಇದೇ, ಲಿಕ್ವಿಡ್ ಕ್ರಿಸ್ಟಲ್) ಕಡ್ಡಿಯಂಥ ಅಣುಗಳು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ತಿರುಗುತ್ತಾ ಒಟ್ಟು 90 ಡಿಗ್ರಿ ಸುತ್ತಿಕೊಂಡಿರುತ್ತವೆ. ವೋಲ್ಟೇಜ್ ಕೊಟ್ಟರೆ ಎದ್ದು ನಿಲ್ಲುತ್ತವೆ, ಬೆಳಕು ನಿಲ್ಲುತ್ತೆ. ನೇರ ನೋಡಿದರೆ ಸರಿ. ಮೇಲಿಂದ ನೋಡಿದರೆ ಬೆಳಕು ಆ ಕಡ್ಡಿಗಳನ್ನು ಬೇರೆ ಕೋನದಲ್ಲಿ ದಾಟಿ ಬಂದಿರುತ್ತೆ, ಬಣ್ಣ ತೆಳುವಾಗುತ್ತೆ. ಕೆಳಗಿಂದ ನೋಡಿದರೆ ಕಪ್ಪಾಗಿ, ಕೆಲವು ಬಣ್ಣ ಉಲ್ಟಾ ಕಾಣುತ್ತೆ. ಮದುಮಗಳ ಅಪ್ಪನಿಗೆ ಅರಿಶಿನ ಬೆಣ್ಣೆಯಾಗಿದ್ದು ಹೀಗೆ. ಸಾಲದ್ದಕ್ಕೆ ಇಂಥ ಪ್ಯಾನೆಲ್‌ಗಳಲ್ಲಿ ಬಹುಪಾಲು ಒಂದೊಂದು ಬಣ್ಣಕ್ಕೆ 6 ಬಿಟ್ ಮಾತ್ರ, ಅಂದರೆ 64 ಮೆಟ್ಟಿಲು, ಒಟ್ಟು 2,62,144 ಬಣ್ಣ. ಡಬ್ಬಿಯ ಮೇಲೆ 1.62 ಕೋಟಿ ಅಂತ ಬರೆದಿರೋರು. ಉಳಿದದ್ದನ್ನು ಅಕ್ಕಪಕ್ಕದ ಬಣ್ಣ ಬೇಗ ಬೇಗ ಮಿಣುಕಿಸಿ ಕಣ್ಣಿಗೆ ಮೋಸ ಮಾಡಿ ತೋರಿಸುತ್ತಿದ್ದವು. ಆಕಾಶದ ನೀಲಿ ಮೇಲಿಂದ ಕೆಳಗೆ ತೆಳುವಾಗುತ್ತಾ ಬರೋ ಫೋಟೋ ಹಾಕಿದರೆ ಪಟ್ಟೆ ಪಟ್ಟೆ.

ಇಲ್ಲಿ ನಮ್ಮ ಬೆಂಗಳೂರಿನ ಕಥೆ ಒಂದಿದೆ, ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಎಸ್. ಚಂದ್ರಶೇಖರ್ ಅಂತ ವಿಜ್ಞಾನಿ, ಸಿ.ವಿ. ರಾಮನ್ ಅವರ ಸೋದರಳಿಯ (ನೊಬೆಲ್ ಬಂದ ನಕ್ಷತ್ರದ ಚಂದ್ರಶೇಖರ್ ಬೇರೆ). ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದು, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದವರು. ಅಲ್ಲಿವರೆಗೆ ಗೊತ್ತಿದ್ದ ದ್ರವಸ್ಫಟಿಕಗಳೆಲ್ಲ ಕಡ್ಡಿಯಂಥ ಅಣುಗಳವು. 1977ರಲ್ಲಿ ಅವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಸೇರಿ ಚಪ್ಪಟೆ ಬಿಲ್ಲೆಯಂಥ ಅಣುಗಳೂ ದ್ರವಸ್ಫಟಿಕ ಆಗುತ್ತವೆ, ರೊಟ್ಟಿ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಕೂರುತ್ತವೆ ಅಂತ ತೋರಿಸಿದರು. ಆಗ ಅದು ಶುದ್ಧ ವಿಜ್ಞಾನ, ಮಾನಿಟರಿಗೂ ಅದಕ್ಕೂ ಸಂಬಂಧ ಇರಲಿಲ್ಲ. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಇಂಥದ್ದೇ ಬಿಲ್ಲೆ ಅಣುಗಳಿಂದ ಒಂದು ತೆಳು ಹಾಳೆ ಮಾಡಿತು. ಟಿಎನ್ ಪ್ಯಾನೆಲ್ಲಿಗೆ ಅದನ್ನು ಅಂಟಿಸಿದರೆ ಕಡ್ಡಿಗಳು ಕೆಡಿಸಿದ ಕೋನವನ್ನು ಬಿಲ್ಲೆಗಳು ತಕ್ಕಮಟ್ಟಿಗೆ ಸರಿಮಾಡುತ್ತವೆ. ಅಗ್ಗದ ಮಾನಿಟರ್ ಪಕ್ಕದಿಂದಲೂ ನೋಡೋ ಹಾಗಾಗಿದ್ದಕ್ಕೆ ಈ ಹಾಳೆ ಒಂದು ದೊಡ್ಡ ಕಾರಣ. ಅದಿಲ್ಲದಿದ್ದರೆ ನಮ್ಮ ಅಂಗಡಿಯ ಜಗಳ ಇನ್ನೂ ಜೋರಾಗಿರುತ್ತಿತ್ತೇನೋ!

ಪೂರ್ತಿ ಪರಿಹಾರ ಬಂದಿದ್ದು ಬೇರೆ ದಾರಿಯಿಂದ. ಹಿಟಾಚಿ 1996ರ ಹೊತ್ತಿಗೆ ಮಾರುಕಟ್ಟೆಗೆ ತಂದ ಐಪಿಎಸ್ ಅನ್ನೋ ಥರದ ಪ್ಯಾನೆಲ್‌ನಲ್ಲಿ ಅಣುಗಳು ಎದ್ದು ನಿಲ್ಲೋದೇ ಇಲ್ಲ, ಮಲಗಿದಲ್ಲೇ ಪಕ್ಕಕ್ಕೆ ತಿರುಗುತ್ತವೆ. ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚೂಕಡಿಮೆ ಒಂದೇ. ಮೊದಮೊದಲು ಅದು ನಿಧಾನ ಮತ್ತು ದುಬಾರಿ. 2004ರಲ್ಲಿ ಏಯ್ಜೋ ಕಂಪನಿಯ ಸಿಜಿ220 ಬಂತು, ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ಹಿಡಿಸುವ ಅಡೋಬಿ ಆರ್‌ಜಿಬಿ ಅನ್ನೋ ಮಾನದಂಡದ ಬಣ್ಣಗಳನ್ನೂ ತೋರಿಸುವ ಎಲ್‌ಸಿಡಿ. ಮಾಮೂಲಿ ಸಿಆರ್‌ಟಿಯ ಕೈಲಿ ಆಗದ ಹಸಿರುಗಳು ಅದರಲ್ಲಿ ಕಾಣುತ್ತಿದ್ದವು. ನನ್ನ ಪ್ರಕಾರ ವಾದ ಮುಗಿದಿದ್ದು ಅಲ್ಲಿಗೆ. ಅದಾದ ಮೇಲೂ ವರ್ಷಗಟ್ಟಲೆ ಜಗಳ ಮುಂದುವರಿಯಿತು ಅಂದರೆ ಜನ ಹೋಲಿಸುತ್ತಿದ್ದಿದ್ದು ಒಳ್ಳೇ ಟ್ರಿನಿಟ್ರಾನನ್ನು ಅಗ್ಗದ ಟಿಎನ್ ಜೊತೆ. ಮಲ್ಲಿಗೆಯನ್ನು ಪ್ಲಾಸ್ಟಿಕ್ ಹೂವಿನ ಜೊತೆ ತೂಗಿದ ಹಾಗೆ.

ಅಂಗಡಿಗಳು ಬದಲಾಗಿದ್ದು ಮಾತ್ರ ಬಣ್ಣಕ್ಕಲ್ಲ, ಕರೆಂಟಿಗೆ. 17 ಇಂಚಿನ ಡಬ್ಬಾ ಹತ್ತಿರ ಹತ್ತಿರ 100 ವಾಟ್ ತಿನ್ನುತ್ತಿತ್ತು, ಫ್ಲಾಟ್ 35-40. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಇದರ ಅರ್ಥ ಏನು ಅಂತ ಯುಪಿಎಸ್ ಕೀಂಯ್ ಕೀಂಯ್ ಅನ್ನುವಾಗ ಫೈಲ್ ಸೇವ್ ಮಾಡೋಕೆ ಓಡಿದವರಿಗೆ ಗೊತ್ತು. ಬೇಸಿಗೆಯಲ್ಲಿ ನಾಲ್ಕು ಟ್ಯೂಬ್ ಉರಿಯೋ ಸಣ್ಣ ಕೋಣೆ ಅಂದರೆ ಬೇಕರಿಯೇ ಸೈ. ನಮ್ಮ ಓನರ್‌ಗೆ ಅರಿಶಿನ ಬೆಣ್ಣೆಯಾದರೂ ಪರವಾಗಿಲ್ಲ, ಬಿಲ್ ಇಳಿದರೆ ಸಾಕಿತ್ತು.

ಬದಲಾದ ಮೇಲೆ ಹೊಸ ತಲೆನೋವು. ಮಾಮೂಲಿ 17 ಇಂಚಿನ ಫ್ಲಾಟ್ ಪರದೆಯ ಅಳತೆ 1280×1024, ಅಂದರೆ ಐದಕ್ಕೆ ನಾಲ್ಕು. ಅಕ್ಷರ ಚಿಕ್ಕದಾಯಿತು, ಒತ್ತಕ್ಷರ ಕಾಣಲ್ಲ ಅಂತ ನಮ್ಮ ಟೈಪಿಸ್ಟ್ ಅಕ್ಕ ಅದನ್ನು ಹಳೇ ಅಭ್ಯಾಸದಂತೆ 1024×768ಕ್ಕೆ ಇಳಿಸಿಬಿಟ್ಟರು. ಅದು ನಾಲ್ಕಕ್ಕೆ ಮೂರು. ಮಾನಿಟರ್ ಅದನ್ನು ಎಳೆದು ತುಂಬಿಸಿತು. ಅಕ್ಷರ ಮಸುಕಾಯಿತು, ಅದು ಹಾಗಿರಲಿ, ಕಾರ್ಡಿನ ಮೇಲಿದ್ದ ಗಣಪತಿ ಸಣ್ಣಗೆ ಉದ್ದವಾದ. ನಾನು ತಲೆಕೆಟ್ಟು ಅವನನ್ನು ಅಡ್ಡಕ್ಕೆ ಎಳೆದು "ಸರಿ" ಮಾಡಿದೆ. ಪ್ರಿಂಟ್‌ನಲ್ಲಿ ಗಣಪತಿ ಮೋದಕ ಜಾಸ್ತಿ ತಿಂದು ಬಂದಿದ್ದ.

ಇನ್ನೊಂದು ಕಾಟ ಇವತ್ತಿಗೂ ಇದೆ. ಡಬ್ಬಾದ ಹೊಳಪು 100 ಕ್ಯಾಂಡೆಲಾ ಆಸುಪಾಸು. ಫ್ಲಾಟ್ ಅಂಗಡಿಯಿಂದ ಬರುವಾಗಲೇ 250, 300. ಅಷ್ಟು ಬೆಳಕಿನಲ್ಲಿ ಕೂತು ಫೋಟೋ ತಿದ್ದಿದರೆ ನೆರಳೆಲ್ಲ ಚೆನ್ನಾಗಿ ಬಿಟ್ಟುಕೊಂಡ ಹಾಗೆ ಕಾಣುತ್ತೆ, ಕಾಗದದ ಮೇಲೆ ಮಸಿ. "ಪ್ರಿಂಟರ್ ಸರಿಯಿಲ್ಲ" ಅಂತ ಪ್ರೆಸ್‌ನವರ ಮೇಲೆ ಎಷ್ಟು ಸಲ ಹರಿಹಾಯ್ದೆವೋ! ಬ್ರೈಟ್‌ನೆಸ್ ಅರ್ಧಕ್ಕೂ ಕೆಳಗೆ ಇಳಿಸಿ, ಬಿಳಿ ಕಾಗದ ಒಂದನ್ನು ಪರದೆ ಪಕ್ಕ ಹಿಡಿದು ಎರಡೂ ಒಂದೇ ಥರ ಕಾಣೋವರೆಗೆ ಹೊಂದಿಸಿದ ದಿನ ಅರ್ಧ ಜಗಳ ನಿಂತಿತು. ದುಡ್ಡಿದ್ದರೆ ಅಳೆಯೋ ಸೆನ್ಸರ್ ತಗೊಳ್ಳಿ, ಇಲ್ಲದಿದ್ದರೆ ಇಷ್ಟಾದರೂ ಮಾಡಿ.

2008ರಲ್ಲಿ ಸೋನಿ ಟ್ರಿನಿಟ್ರಾನ್ ತಯಾರಿಕೆ ನಿಲ್ಲಿಸೋದಾಗಿ ಹೇಳಿತು. ನಮ್ಮ ಅಂಗಡಿಯ ಡಬ್ಬಾ ಅದಕ್ಕೂ ಮುಂಚೆ ಒಂದು ಮಳೆಗಾಲದಲ್ಲಿ ಚಟ್ ಅಂದು ಆರಿಹೋಗಿತ್ತು. ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಸೀಸ ಇರುತ್ತೆ, ಒಂದೊಂದರಲ್ಲಿ ಒಂದೆರಡು ಕೆಜಿ. ಅಂಥದ್ದನ್ನು ಸರಿಯಾಗಿ ಬಿಚ್ಚೋಕೆ ಡಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನೋ ಘಟಕ 2005ರಲ್ಲೇ ಶುರುವಾಗಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಗುಜರಿಯವನು ಬಂದ, ಅಲ್ಲೇ ಫುಟ್‌ಪಾತ್ ಮೇಲೆ ಕವಚ ಬಿಚ್ಚಿ, ಟ್ಯೂಬಿನ ಕುತ್ತಿಗೆಗೆ ಸುತ್ತಿದ್ದ ತಾಮ್ರದ ಸುರುಳಿ ಕಿತ್ತು ಚೀಲಕ್ಕೆ ಹಾಕಿಕೊಂಡ. "ಗಾಜು ಬ್ಯಾಡ ಸಾರ್, ಅದನ್ನ ಯಾರೂ ತಗಳಲ್ಲ" ಅಂದು ಅದನ್ನು ನಮ್ಮ ಬಾಗಿಲಲ್ಲೇ ಬಿಟ್ಟು ಹೋದ.