ಚಾರ್ಟಿನ ದಾರಿಯಲ್ಲಿ ಕಳೆದುಹೋಗುವ ‘ಅಲ್ಲಿ’

ವರದಿಗಳನ್ನು ತಿದ್ದಿ, ಅವುಗಳಿಗೆ ಬೇಕಾದ ನಕ್ಷೆ ಮತ್ತು ಕೋಷ್ಟಕಗಳನ್ನು ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಸ್ವಯಂಸೇವಾ ಸಂಸ್ಥೆಗಳವರು ಮತ್ತು ಸಂಶೋಧನಾ ವಿದ್ಯಾರ್ಥಿಗಳು. ಅವರು ಒಂದು ಪುಟವನ್ನು ಮುಂದಿಟ್ಟು ‘ಇದನ್ನೊಂದು ಚಾರ್ಟ್ ಮಾಡಿಕೊಡಿ’ ಎನ್ನುತ್ತಾರೆ. ಆ ಪುಟದಲ್ಲಿ ಸಂಖ್ಯೆಗಳ ಕೆಳಗಷ್ಟೇ ಗೆರೆ ಎಳೆದಿರುತ್ತದೆ. ಸಂಖ್ಯೆಯ ಹಿಂದೆ ಮುಂದೆ ಇರುವ ಪದಗಳ ಕೆಳಗೆ ಗೆರೆ ಎಳೆದು ತಂದವರನ್ನು ನಾನು ಇದುವರೆಗೆ ಕಂಡಿಲ್ಲ. ಈ ಅಂಕಣ ಆ ಪದಗಳ ಬಗ್ಗೆ, ಇನ್ನೂ ಖಚಿತವಾಗಿ ಹೇಳಬೇಕೆಂದರೆ ಆ ಪದಗಳ ತುದಿಯಲ್ಲಿರುವ ಪ್ರತ್ಯಯಗಳ ಬಗ್ಗೆ.

ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ’ ಎಂದು ರಾಗವಾಗಿ ಬಾಯಿಪಾಠ ಮಾಡಿದ ವಿಭಕ್ತಿಗಳು ನಕ್ಷೆ ಬರೆಯುವವರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ವಾಕ್ಯದಲ್ಲಿ ‘ಗಿಂತ’ ಇದ್ದರೆ ಬರೆದವರು ಹೋಲಿಸುತ್ತಿದ್ದಾರೆ ಎಂದರ್ಥ, ಅದಕ್ಕೆ ಸ್ತಂಭಾಲೇಖ ಸಾಕು. ‘ಇಂದ’ ಮತ್ತು ‘ಗೆ’ ಜೊತೆಯಾಗಿ ಬಂದರೆ ಕಾಲ ಸರಿದಿದೆ, ರೇಖಾನಕ್ಷೆ ಬೇಕು. ಅಂಕಿಗಳನ್ನು ನಕ್ಷೆಗಳಲ್ಲಿ ತೋರಿಸಿದ ಮೊದಲಿಗರಲ್ಲಿ ಒಬ್ಬರಾದ ವಿಲಿಯಂ ಪ್ಲೇಫೇರ್ 1786ರಲ್ಲಿ ದೇಶಗಳ ವ್ಯಾಪಾರವನ್ನು ರೇಖೆಗಳಲ್ಲಿ ತೋರಿಸುತ್ತಾ ಹೋದಾಗ, ಸ್ಕಾಟ್ಲೆಂಡಿನ ಮಟ್ಟಿಗೆ ಅವರ ಕೈಯಲ್ಲಿದ್ದದ್ದು ಒಂದೇ ವರ್ಷದ ಆಮದು-ರಫ್ತಿನ ಲೆಕ್ಕ. ಎಲ್ಲಿಂದ ಎಲ್ಲಿಗೆ ಎಂದು ಹೇಳಲಾಗದ ಆ ಒಂದು ಪುಟದಲ್ಲಿ ಅವರು ರೇಖೆಯನ್ನು ಬಿಟ್ಟು ಉದ್ದುದ್ದ ಪಟ್ಟಿಗಳನ್ನು, ಅಂದರೆ ಸ್ತಂಭಾಲೇಖವನ್ನು ಬಳಸಿದರು. ಪ್ರತ್ಯಯ ನೋಡಿ ನಕ್ಷೆ ಆರಿಸುವ ಈ ಕ್ರಮ ಎಲ್ಲ ಸಂದರ್ಭಕ್ಕೂ ಒಪ್ಪುತ್ತದೆ ಎಂದು ನಾನು ಹೇಳಲಾರೆ. ಆದರೆ ಕೊನೆಯ ಪ್ರತ್ಯಯವಾದ ‘ಅಲ್ಲಿ’ಯ ವಿಷಯದಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಶೇಕಡಾವಾರು ಲೆಕ್ಕ ಇದ್ದಲ್ಲೆಲ್ಲ ‘ಯಾರಲ್ಲಿ’ ಅಥವಾ ‘ಯಾವುದರಲ್ಲಿ’ ಎಂಬ ಮಾತೊಂದು ಇದ್ದೇ ಇರಬೇಕು. ಗಣಿತದ ಭಾಷೆಯಲ್ಲಿ ಅದು ಛೇದ. ವಾಕ್ಯವನ್ನು ಚಿತ್ರ ಮಾಡುವಾಗ ಮೊದಲು ಉದುರಿಹೋಗುವುದು ಅದೇ.

ಒಂದು ಉದಾಹರಣೆಯನ್ನು ವಿವರವಾಗಿಯೇ ಹೇಳುತ್ತೇನೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6,10,95,297 ಮತ್ತು ಸಾಕ್ಷರತೆಯ ಪ್ರಮಾಣ ಶೇ 75.36. ವರದಿಗಳಲ್ಲಿ ಈ ಎರಡು ಅಂಕಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ನಕ್ಷೆ ಮಾಡುವವರು ಒಂದು ವೃತ್ತ ಬರೆದು, ಅದರ ಮುಕ್ಕಾಲು ಪಾಲಿಗೆ ಬಣ್ಣ ತುಂಬಿ, ‘ಸಾಕ್ಷರರು 4.60 ಕೋಟಿ’ ಎಂದು ಬರೆದುಬಿಡುತ್ತಾರೆ. ಗುಣಾಕಾರದಲ್ಲಿ ತಪ್ಪಿಲ್ಲ, ಆದರೆ ಜನಗಣತಿ ಎಣಿಸಿದ ಸಾಕ್ಷರರು ಸುಮಾರು 4.06 ಕೋಟಿ. ಜನಗಣತಿಯು ಸಾಕ್ಷರತೆಯನ್ನು ಲೆಕ್ಕ ಹಾಕುವುದು ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ಮಾತ್ರ. ಆರು ವರ್ಷದವರೆಗಿನ ಸುಮಾರು 72 ಲಕ್ಷ ಮಕ್ಕಳು ಆ ಛೇದದಲ್ಲಿ ಇಲ್ಲ. ‘ಮೇಲ್ಪಟ್ಟವರಲ್ಲಿ’ ಎಂಬ ಒಂದು ಪದ ಬಿಟ್ಟುಹೋದದ್ದರಿಂದ ಸುಮಾರು 54 ಲಕ್ಷ ಸಾಕ್ಷರರು ಹೆಚ್ಚಾದರು. ವೃತ್ತದಲ್ಲಿ ಉಳಿದ ಕಾಲು ಪಾಲಿಗೆ ‘ಅನಕ್ಷರಸ್ಥರು’ ಎಂದು ಹೆಸರಿಟ್ಟಾಗ ಆ ಸಂಖ್ಯೆಯೂ ಉಬ್ಬುತ್ತದೆ, ಏಕೆಂದರೆ ತೊಟ್ಟಿಲ ಕೂಸುಗಳು ಕೂಡ ಈ ಎರಡು ಪಾಲುಗಳಲ್ಲಿ ಒಂದಕ್ಕೆ ಸೇರಲೇಬೇಕಾಗುತ್ತದೆ. ಇದನ್ನು ತೋರಿಸಿಕೊಟ್ಟರೆ ‘ಅದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಮೇಡಂ’ ಎಂಬ ಉತ್ತರ ಬರುತ್ತದೆ. ಎಲ್ಲರಿಗೂ ಗೊತ್ತಿದ್ದರೆ ಆ ಚಿತ್ರ ನನ್ನ ಮೇಜಿನ ಮೇಲೆ ಬರುತ್ತಿರಲಿಲ್ಲ.

ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಊರಿನ ಗುರುತು ಸಿಗದಿರಲೆಂದು ಅಂಕಿಗಳನ್ನು ಬದಲಿಸಿದ್ದೇನೆ. ಕುಡಿಯುವ ನೀರನ್ನು ಎಲ್ಲೆಲ್ಲಿಂದ ತರುತ್ತೀರಿ ಎಂದು ಕೆಲವು ಯುವಕರು ಮನೆ ಮನೆಗೆ ಹೋಗಿ ಕೇಳಿದ್ದರು. ನೂರು ಮನೆಗಳಲ್ಲಿ 62 ಮನೆಯವರು ನಳ ಎಂದಿದ್ದರು, 47 ಮನೆಯವರು ಬೋರ್‌ವೆಲ್, 36 ಮನೆಯವರು ಬಾವಿ, 18 ಮನೆಯವರು ಟ್ಯಾಂಕರ್ ಎಂದಿದ್ದರು. ಬರಹದಲ್ಲಿ ಈ ಪ್ಯಾರಾ ಸರಿಯಾಗಿಯೇ ಇತ್ತು. ಅವರು ಈ ನಾಲ್ಕು ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ಪೈ ಚಾರ್ಟ್ ಮಾಡಿದರು. ಒಟ್ಟು 163 ಆಗುತ್ತದೆ ಎಂಬುದನ್ನು ಯಂತ್ರ ಪ್ರಶ್ನಿಸಲಿಲ್ಲ. ಆ 163ನ್ನೇ ಇಡಿಯೆಂದು ತೆಗೆದುಕೊಂಡು ನಳದ ಹೋಳಿಗೆ ಶೇ 38 ಎಂದು ಬರೆಯಿತು. ಊರಿನ ಸಭೆಯಲ್ಲಿ ಅದನ್ನು ಗೋಡೆಯ ಮೇಲೆ ತೋರಿಸಿದಾಗ ಪಂಚಾಯಿತಿಯ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು, ‘ಅರ್ಧಕ್ಕಿಂತ ಜಾಸ್ತಿ ಮನಿಗೆ ನಳ ಐತ್ರಿ ಅಕ್ಕಾರ, ಈ ರೊಟ್ಟಿಯಾಗ ಯಾಕ ಕಮ್ಮಿ ಕಾಣಾಕತ್ತೈತಿ?’ ಎಂದು ನನ್ನನ್ನು ಕೇಳಿದರು.

ಆಕೆ ರೊಟ್ಟಿ ಎಂದದ್ದು ನನಗೆ ಬಹಳ ಉಪಕಾರವಾಯಿತು. ಒಂದು ರೊಟ್ಟಿಯನ್ನು ಹಂಚಿದರೆ ಒಂದು ತುಣುಕು ಒಬ್ಬರಿಗೇ ಹೋಗುತ್ತದೆ. ಇಲ್ಲಿ ಒಂದೇ ಮನೆಯವರು ನಳವನ್ನೂ ಬಾವಿಯನ್ನೂ ಹೇಳಿದ್ದರು, ಹಾಗಾಗಿ ಹಂಚಲು ಒಂದು ರೊಟ್ಟಿಯೇ ಇರಲಿಲ್ಲ. ಒಬ್ಬರು ಒಂದೇ ಗುಂಪಿಗೆ ಸೇರುವಂತಿದ್ದರೆ ಮಾತ್ರ ಪೈ ಚಾರ್ಟ್ ಬರೆಯಬಹುದು. ನಾವು ಅದನ್ನು ನಾಲ್ಕು ಪ್ರತ್ಯೇಕ ಪಟ್ಟಿಗಳಾಗಿ ಮತ್ತೆ ಬರೆದೆವು. ಪ್ರತಿ ಪಟ್ಟಿಯೂ ಸೊನ್ನೆಯಿಂದ ನೂರರವರೆಗಿನ ಅಳತೆಯ ಮೇಲಿತ್ತು, ಕೆಳಗೆ ‘ಒಂದು ಮನೆಯವರು ಒಂದಕ್ಕಿಂತ ಹೆಚ್ಚು ಉತ್ತರ ಕೊಟ್ಟಿರಬಹುದು’ ಎಂಬ ಸಾಲಿತ್ತು. ಆ ಯುವಕರ ಶ್ರಮ ದೊಡ್ಡದು, ಬಿಸಿಲಿನಲ್ಲಿ ಓಡಾಡಿ ಎಣಿಸಿದವರು ಅವರು. ಒಂದು ಸಾಲಿನ ಕೊರತೆಯಿಂದ ಆ ಶ್ರಮದ ಮೇಲೆ ಊರಿಗೆ ನಂಬಿಕೆ ಹೋಗುವಂತಾಗಿತ್ತು.

ಹೆಚ್ಚಳವನ್ನು ಹೇಳುವಾಗಲೂ ಇದೇ ಪ್ರಶ್ನೆ ಏಳುತ್ತದೆ. ರಾಜ್ಯದ ಮಹಿಳಾ ಸಾಕ್ಷರತೆ 2001ರಲ್ಲಿ ಶೇ 56.87 ಇದ್ದದ್ದು 2011ರಲ್ಲಿ ಶೇ 68.08ಕ್ಕೆ ಏರಿತು. ಇದನ್ನು 11.21 ಶೇಕಡಾವಾರು ಅಂಶಗಳ ಏರಿಕೆ ಎಂದರೂ ಸರಿ, ಮೊದಲಿದ್ದ ಪ್ರಮಾಣಕ್ಕೆ ಹೋಲಿಸಿ ಸುಮಾರು ಶೇ 20ರಷ್ಟು ಏರಿಕೆ ಎಂದರೂ ಸರಿ. ಯಾವುದರಲ್ಲಿ ಎಂದು ಹೇಳದೆ ಒಂದನ್ನು ಬರಹದಲ್ಲಿ, ಇನ್ನೊಂದನ್ನು ಚಿತ್ರದಲ್ಲಿ ಇಟ್ಟರೆ ಓದುಗರು ಎರಡನ್ನೂ ನಂಬುವುದಿಲ್ಲ.

ಚಿತ್ರದಿಂದ ವಾಕ್ಯಕ್ಕೆ ಮರಳುವುದು ಇನ್ನೂ ಕಷ್ಟದ ಕೆಲಸ, ಏಕೆಂದರೆ ಆಗ ಬರೆಯುವವರು ಕಣ್ಣಿಗೆ ಕಂಡದ್ದನ್ನೇ ನಂಬುತ್ತಾರೆ. 2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು ಶೇ 51.83, ರಾಜ್ಯದ ಜಿಲ್ಲೆಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಇವೇ. ಸ್ತಂಭಗಳ ಬುಡವನ್ನು ಸೊನ್ನೆಯ ಬದಲು ಐವತ್ತಕ್ಕೆ ಇಟ್ಟರೆ ಯಾದಗಿರಿಯ ಸ್ತಂಭ ನೆಲಕ್ಕೆ ಅಂಟಿಕೊಂಡು, ದಕ್ಷಿಣ ಕನ್ನಡದ್ದು ಅದರ ಇಪ್ಪತ್ತೊಂದು ಪಟ್ಟು ಎತ್ತರ ಕಾಣುತ್ತದೆ. ನಿಜವಾದ ಅನುಪಾತ ಎರಡು ಪಟ್ಟು ಕೂಡ ಇಲ್ಲ. ಅಂಥ ಚಿತ್ರವನ್ನು ನೋಡಿ ‘ಯಾದಗಿರಿಯಲ್ಲಿ ಸಾಕ್ಷರತೆ ಇಲ್ಲವೆನ್ನುವಷ್ಟು ಕಡಿಮೆ’ ಎಂದು ಬರೆದ ಪ್ಯಾರಾವನ್ನು ನಾನು ತಿದ್ದಿದ್ದೇನೆ. ಅಲ್ಲಿ ಏಳು ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಓದುಬರಹ ಬಲ್ಲವರೆಂದು ಅದೇ ವರದಿಯ ಕೋಷ್ಟಕ ಹೇಳುತ್ತಿತ್ತು. ರೇಖಾನಕ್ಷೆಯ ಮಾತು ಬೇರೆ, ಅದು ಸೊನ್ನೆಯಿಂದಲೇ ತೊಡಗಬೇಕೆಂದಿಲ್ಲ. ಸ್ತಂಭದ ಉದ್ದವನ್ನೇ ನಾವು ಅಳತೆಯೆಂದು ಓದುವುದರಿಂದ ಅದರ ಬುಡವನ್ನು ಕತ್ತರಿಸಬಾರದು.

ದೃಷ್ಟಿ ಇಲ್ಲದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಎರಡು ವರ್ಷಗಳಿಂದ ನನ್ನಲ್ಲಿಗೆ ಬರುತ್ತಾಳೆ. ಆಕೆಯ ಕಂಪ್ಯೂಟರ್ ಬರಹವನ್ನು ಓದಿ ಹೇಳುತ್ತದೆ. ಚಿತ್ರ ಬಂದಾಗ ‘ಚಿತ್ರ 4’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಆಕೆಗಾಗಿ ನಾನು ನಕ್ಷೆಗಳನ್ನು ವಾಕ್ಯಗಳಾಗಿ ಬರೆಯಲು ಕುಳಿತಾಗ, ಎಲ್ಲ ಜಿಲ್ಲೆಗಳ ಅಂಕಿಗಳನ್ನು ಉಡುಪಿಯಿಂದ ಅಕಾರಾದಿಯಾಗಿ ಒಪ್ಪಿಸಿದ್ದೆ. ಆಕೆ ತಾಳ್ಮೆಯಿಂದ ಕೇಳಿ, ‘ಯಾರನ್ನು ಎಣಿಸಿದ್ದಾರೆ ಮೇಡಂ, ಅಳತೆ ಎಲ್ಲಿಂದ ಶುರುವಾಗುತ್ತದೆ?’ ಎಂದು ಕೇಳಿದಳು. ಈಗ ನಕ್ಷೆಯ ಕೆಳಗಿನ ಪ್ಯಾರಾವನ್ನು ಮುದ್ರಣಕ್ಕೆ ಕೊಡುವ ಮೊದಲು ಫೋನಿನಲ್ಲಿ ಆಕೆಗೆ ಓದಿ ಹೇಳುತ್ತೇನೆ. ಆಕೆ ಕೇಳುವ ಪ್ರಶ್ನೆಗಳನ್ನು ಕರಡಿನ ಅಂಚಿನಲ್ಲಿ ಬರೆದುಕೊಂಡು, ಉತ್ತರ ಆ ಪ್ಯಾರಾದಲ್ಲಿ ಇಲ್ಲದಿದ್ದರೆ ನಕ್ಷೆಯನ್ನು ಮತ್ತೆ ತೆರೆದು ನೋಡುತ್ತೇನೆ.